ಬೇಸಣ್ಣನ ಜಾಗ

ನಮ್ಮ ಮಲೆನಾಡಿನಲ್ಲಿ ಆಷಾಢದ ಮಳೆ ಹಿಡಿದರೆ ಮನೆಮಂದಿಯೆಲ್ಲ ಬಂದು ಸೇರುವ ಜಾಗ ಬಚ್ಚಲೊಲೆ. ಹಂಡೆಯಲ್ಲಿ ನೀರು ಕಾಯುತ್ತಿರುತ್ತದೆ, ಮೇಲೆ ಹಗ್ಗದಲ್ಲಿ ಒಣಗದ ಬಟ್ಟೆಗಳು ನೇತಾಡುತ್ತಿರುತ್ತವೆ, ಬೂದಿಯಲ್ಲಿ ಹೂತಿಟ್ಟ ಹಲಸಿನ ಬೇಳೆ ಆಗೊಮ್ಮೆ ಈಗೊಮ್ಮೆ ಚಟ್ಟೆನ್ನುತ್ತದೆ. ನನ್ನ ಜೀವನದಲ್ಲಿ ಇಪ್ಪತ್ಮೂರು ವರ್ಷ ಬಾಯಿಗೆ ಬಾರದಿದ್ದ ಒಂದು ಮಾತು ಹೊರಬಿದ್ದದ್ದು ಆ ಒಲೆಯ ಮುಂದೆಯೇ. ಅದನ್ನು ಹೊರಡಿಸಿದ್ದು ಒಂದು ಸಣ್ಣ ಪೆಟ್ಟಿಗೆ. ಗಿಟಾರ್ ಬಾರಿಸುವವರು ಕಾಲ ಬಳಿ ಇಟ್ಟುಕೊಳ್ಳುವ ಪೆಡಲ್.

ಮೊದಲು ಪೆಟ್ಟಿಗೆಯ ಕಥೆ ಹೇಳುತ್ತೇನೆ.

ನಾನು ಸಾಗರದಲ್ಲಿ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವನು. ಹಗಲು ಲೆಕ್ಕ, ಸೀಸನ್ನಿನಲ್ಲಿ ರಾತ್ರಿ ಆರ್ಕೆಸ್ಟ್ರಾ. 1988ರಿಂದ ಹನ್ನೆರಡು ವರ್ಷ ಗಿಟಾರ್ ಬಾರಿಸಿದೆ. ಗಣಪತಿ ಪೆಂಡಾಲು, ಮದುವೆ ಮನೆ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆ, ಹೀಗೆ ಎಲ್ಲೆಲ್ಲಿ ಕರೆದರೋ ಅಲ್ಲೆಲ್ಲ ಹೋದೆವು. ಆಮೇಲೆ ಆರ್ಕೆಸ್ಟ್ರಾ ನಿಂತಿತು, ಗಿಟಾರ್ ಅಟ್ಟ ಸೇರಿತು. ಕೆಲಸದಿಂದ ನಿವೃತ್ತನಾದ ವರ್ಷ ಅದನ್ನು ಕೆಳಗಿಳಿಸಿ ತಂತಿ ಬದಲಿಸಿದೆ. ಬೆರಳಿಗೆ ಕಾರ್ಡುಗಳು, ಅಂದರೆ ಸ್ವರಗುಚ್ಛಗಳು, ನೆನಪಿದ್ದವು. ಆದರೆ ಒಬ್ಬನೇ ಕೂತು ರಿದಂ ಬಾರಿಸುವುದು ಎಷ್ಟು ಹೊತ್ತು ಸಾಧ್ಯ? ಹಾಡಿಲ್ಲ, ಡ್ರಮ್ಸ್ ಇಲ್ಲ, ಬೇಸ್ ಇಲ್ಲ. ನಾಲ್ಕು ಗೋಡೆಯ ನಡುವೆ ಬರೀ ಸರಕ್ ಸರಕ್ ಸದ್ದು. ಹತ್ತು ನಿಮಿಷಕ್ಕೆ ಮನಸ್ಸು ಬೇಸತ್ತು ಗಿಟಾರ್ ಮತ್ತೆ ಗೋಡೆಗೊರಗುತ್ತಿತ್ತು.

ಇದನ್ನು ನೋಡಿದ ನನ್ನ ಅಣ್ಣನ ಮಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು, 2019ರ ಬೇಸಿಗೆಯಲ್ಲಿ ಬರುವಾಗ ಒಂದು ಹಳೆಯ ಪೆಡಲ್ ಕೊಂಡು ತಂದ. “ಚಿಕ್ಕಪ್ಪ, ಇದನ್ನು ಕಾಲ ಬಳಿ ಇಟ್ಕೊಳ್ಳಿ. ನೀವು ಬಾರಿಸಿದ್ದನ್ನು ಕೇಳಿಸ್ಕೊಂಡು ತಾನೇ ಬೇಸ್, ಡ್ರಮ್ಸ್ ಹಾಕ್ತದೆ” ಎಂದ. ಅದು ಡಿಜಿಟೆಕ್ ಕಂಪನಿ 2015ರಲ್ಲಿ ತಂದ ಟ್ರಯೋ. ಟ್ರಯೋ ಅಂದರೆ ಮೂವರು. ಗಿಟಾರ್ ನೀವು, ಉಳಿದಿಬ್ಬರು ಪೆಟ್ಟಿಗೆಯೊಳಗೆ.

ಯಂತ್ರ ಸಾಥ್ ಕೊಡುವುದು ನಮಗೆ ಹೊಸದಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲೇ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮಾಡಿದ್ದರು. ಅವರ ರಾಡೆಲ್ ಪೆಟ್ಟಿಗೆಗಳು ಆಮೇಲೆ ಊರೂರಿನ ಸಂಗೀತ ಪಾಠದ ಮನೆಗಳಿಗೆ ಬಂದವು. ನಮ್ಮ ಪಕ್ಕದ ಮನೆಯ ಸಂಗೀತದ ಟೀಚರ್ ಬೆಳಗಿನ ಪಾಠ ಶುರು ಮಾಡುವುದೇ ಅಂಥದೊಂದರ ಸ್ವಿಚ್ ಹಾಕಿ. ಆದರೆ ಶ್ರುತಿಪೆಟ್ಟಿಗೆ ನಾವು ಹೇಳಿದ ಶ್ರುತಿ ಹಿಡಿದು ನಿಲ್ಲುತ್ತದೆ, ಎಲೆಕ್ಟ್ರಾನಿಕ್ ತಬಲಾ ನಾವು ಆರಿಸಿದ ತಾಳ ನುಡಿಯುತ್ತದೆ. ಈ ಪೆಡಲಿನ ಗುಣವೇ ಬೇರೆ. ಇದು ಮೊದಲು ಸುಮ್ಮನೆ ಕೂತು ಕೇಳುತ್ತದೆ.

ಕ್ರಮ ಹೀಗೆ. ಗಿಟಾರಿನ ವೈರು ಪೆಡಲಿಗೆ, ಪೆಡಲಿನಿಂದ ಇನ್ನೊಂದು ವೈರು ಆಂಪ್ಲಿಫೈಯರಿಗೆ. ಕಾಲಲ್ಲಿ ಒಮ್ಮೆ ತುಳಿದರೆ ಕಲಿಯಲು ಸಿದ್ಧವಾಗುತ್ತದೆ. ನೀವು ಕಾರ್ಡುಗಳನ್ನು ಸ್ಪಷ್ಟವಾಗಿ, ಲಯ ಬಿಡದೆ ಒಂದು ಸುತ್ತು ಬಾರಿಸಬೇಕು. ಸುತ್ತು ಮುಗಿದು ಮತ್ತೆ ಮೊದಲ ಪೆಟ್ಟು ಬರುವ ಕ್ಷಣದಲ್ಲಿ ಇನ್ನೊಮ್ಮೆ ತುಳಿಯಬೇಕು. ತುಳಿದ ತಕ್ಷಣ ಬೇಸೂ ಡ್ರಮ್ಸೂ ಶುರು. ಯಾವ ಕಾರ್ಡಿಗೆ ಯಾವ ಸ್ವರ, ನಿಮ್ಮ ಕೈಯ ಬೀಸಿಗೆ ಯಾವ ನಡೆ ಹೊಂದುತ್ತದೆ ಎಂದು ಅದು ಅಷ್ಟರಲ್ಲೇ ಲೆಕ್ಕ ಹಾಕಿರುತ್ತದೆ. ಮೇಲೆ ಐದು ನಾಬ್‌ಗಳಿವೆ. ಬೇಸ್ ಎಷ್ಟು ಕೇಳಬೇಕು, ಡ್ರಮ್ಸ್ ಎಷ್ಟು ಕೇಳಬೇಕು ಎನ್ನಲು ಎರಡು. ಬ್ಲೂಸ್, ಪಾಪ್, ರಾಕ್, ಕಂಟ್ರಿ, ಜಾಝ್ ಮುಂತಾದ ಏಳು ಬಗೆಗಳಲ್ಲಿ ಒಂದನ್ನು ಆರಿಸಲು ಒಂದು. ಒಂದೊಂದು ಬಗೆಯಲ್ಲೂ ಇರುವ 12 ಶೈಲಿಗಳಿಗೆ ಇನ್ನೊಂದು. ಕೊನೆಯದು ವೇಗಕ್ಕೆ. ಮೂರು ಭಾಗ ಕಲಿಸಿಡಬಹುದು. ನಾನು ಒಂದರಲ್ಲಿ ಪಲ್ಲವಿ, ಇನ್ನೊಂದರಲ್ಲಿ ಚರಣ, ಮೂರನೆಯದರಲ್ಲಿ ಬಿಜಿಎಂ ಇಟ್ಟುಕೊಳ್ಳುತ್ತಿದ್ದೆ.

ಮೊದಲ ವಾರ ಇಡೀ ನಾನು ಕಲಿತದ್ದು ಕಾಲು ಇಡುವುದನ್ನು. ಸಿ, ಎ ಮೈನರ್, ಎಫ್, ಜಿ, ಒಂದೊಂದಕ್ಕೆ ನಾಲ್ಕು ಪೆಟ್ಟು, ಒಟ್ಟು ಹದಿನಾರು. ಹದಿನೇಳನೆಯದಾಗಿ ಬರುವ ಮೊದಲ ಪೆಟ್ಟಿನ ಮೇಲೆ ಕಾಲು ಬೀಳಬೇಕು. ಅರ್ಧ ಪೆಟ್ಟು ತಡವಾದರೆ ಆ ತಡವೂ ಪಾಠವೆಂದೇ ಅದು ಕಲಿಯುತ್ತದೆ. ಆಮೇಲೆ ಪ್ರತಿ ಸುತ್ತಿನ ಕೊನೆಯಲ್ಲೂ ವಾದ್ಯವೃಂದ ಅಲ್ಲೇ ಎಡವುತ್ತದೆ. ಮೃದಂಗದವರು ಸಮಕ್ಕೆ ಬಂದು ಬೀಳುವುದು ಅನ್ನುತ್ತಾರಲ್ಲ, ಅದರ ಅರ್ಥ ನನಗೆ ಅರವತ್ತರ ಮೇಲೆ ಕಾಲಿನ ಮೂಲಕ ತಿಳಿಯಿತು. ಇನ್ನೊಂದು ವಿಷಯವೂ ಬಯಲಾಯಿತು. ಎಫ್ ಕಾರ್ಡಿಗೆ ತೋರುಬೆರಳು ಆರೂ ತಂತಿಗಳ ಮೇಲೆ ಅಡ್ಡ ಮಲಗಬೇಕು. ಅಲ್ಲಿ ನನ್ನ ಕೈ ಒಂದು ಕೂದಲೆಳೆಯಷ್ಟು ತಡವಾಗುತ್ತಿತ್ತು. ಹನ್ನೆರಡು ವರ್ಷ ವೇದಿಕೆ ಮೇಲೆ ಬಾರಿಸಿದರೂ ಇದು ನನಗೆ ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ ಎನ್ನುವುದು ಮುಂದೆ ಬರುತ್ತದೆ.

ಒಂದು ತಿಂಗಳು ಕಳೆಯುವಷ್ಟರಲ್ಲಿ ದಿನಕ್ಕೆ ಎರಡು ಗಂಟೆ ಬಾರಿಸುವವನಾದೆ. ಢೋಲಕ್, ತಬಲಾ ಆ ಪೆಟ್ಟಿಗೆಯೊಳಗಿಲ್ಲ. ಆದರೆ ರಾಜನ್–ನಾಗೇಂದ್ರರ ಹಾಡುಗಳಲ್ಲಿ, ‘ಗೀತಾ’, ‘ಪಲ್ಲವಿ ಅನುಪಲ್ಲವಿ’ ಚಿತ್ರಗಳಿಗೆ ಇಳಯರಾಜಾ ಮಾಡಿದ ಹಾಡುಗಳಲ್ಲಿ ಗಿಟಾರು, ಬೇಸು, ಡ್ರಮ್ಸುಗಳಿಗೆ ಬೇಕಾದಷ್ಟು ಕೆಲಸವಿದೆ. ಕಣ್ಣು ಮುಚ್ಚಿ ಬಾರಿಸಿದರೆ ಹಿಂದೆ ಮತ್ತೆ ನಮ್ಮ ತಂಡವೇ ನಿಂತ ಹಾಗೆ. ಹಾಗನ್ನಿಸಿದಾಗಲೆಲ್ಲ ಒಬ್ಬರ ಮುಖ ಕಣ್ಣ ಮುಂದೆ ಬರುತ್ತಿತ್ತು. ನಾನು ಕಣ್ಣು ತೆರೆದುಬಿಡುತ್ತಿದ್ದೆ.

ನಮ್ಮ ಆರ್ಕೆಸ್ಟ್ರಾದ ಬೇಸ್ ಗಿಟಾರಿಸ್ಟ್ ಅವರು. ನನಗಿಂತ ನಾಲ್ಕು ವರ್ಷ ದೊಡ್ಡವರು. ಊರೆಲ್ಲ ಬೇಸಣ್ಣ ಎಂದು ಕರೆಯುತ್ತಿತ್ತು. ವೇದಿಕೆಯಲ್ಲಿ ಹಿಂದಿನ ಸಾಲಿನಲ್ಲಿ, ಡ್ರಮ್ಸಿನ ಪಕ್ಕ, ಬೆಳಕು ಬೀಳದ ಕಡೆ ನಿಲ್ಲುತ್ತಿದ್ದರು. ಕೇಳುಗರಿಗೆ ಬೇಸ್ ಬೇರೆಯಾಗಿ ಕೇಳಿಸುವುದಿಲ್ಲ. ನಿಂತಾಗ ಮಾತ್ರ ಏನೋ ಖಾಲಿಯಾಯಿತು ಎಂದು ಗೊತ್ತಾಗುತ್ತದೆ. ನಾನು ತಂಡ ಸೇರಿದ ಹೊಸದರಲ್ಲಿ ನನ್ನ ಕಾರ್ಡುಗಳನ್ನು ತಿದ್ದಿದವರು ಅವರು. “ಬಾರಿಸೋಕೆ ಮುಂಚೆ ಕೇಳ್ಕಾ ಮಾರಾಯ” ಎನ್ನುವುದು ಅವರ ಒಂದೇ ಪಾಠ.

1990ರ ದಶಕದ ನಡುವಿಗೆ ಹೊಸ ಬಗೆಯ ಕೀಬೋರ್ಡುಗಳು ಬಂದವು. ಎಡಗೈಯಲ್ಲಿ ಕಾರ್ಡು ಹಿಡಿದರೆ ಸಾಕು, ಬೇಸು, ಡ್ರಮ್ಸು ಎಲ್ಲ ಅದರಿಂದಲೇ ಹೊರಡುತ್ತಿತ್ತು. ನಮ್ಮ ತಂಡ ನಡೆಸುತ್ತಿದ್ದವರು ಸಾಲ ಮಾಡಿ ಅಂಥದೊಂದು ತಂದರು. 1996ರ ಗಣೇಶ ಚೌತಿಗೆ ಮುಂಚೆ ಒಂದು ಸಂಜೆ ನಮ್ಮಲ್ಲಿ ನಾಲ್ಕು ಜನರನ್ನು ಕರೆದು ಕೇಳಿದರು: “ಬೇಸ್ ಇದರಲ್ಲೇ ಬರ್ತದೆ. ಒಬ್ಬರ ಸಂಭಾವನೆ ಉಳೀತದೆ, ನಿಮಗೆ ಹಂಚಬಹುದು. ಏನಂತೀರಿ?” ಬೇಸಣ್ಣ ಅಲ್ಲಿರಲಿಲ್ಲ. ಯಾರೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಮನೆಯಲ್ಲಿ ಮಗುವಿಗೆ ಆರು ತಿಂಗಳು. ತಲೆ ತಗ್ಗಿಸಿ ಚಾಪೆಯ ಅಂಚು ನೋಡುತ್ತ ಕೂತೆ. ಹಾಗೆ ಕೂತದ್ದೇ ಒಪ್ಪಿಗೆಯಾಯಿತು.

ಆಮೇಲೆ ಬೇಸಣ್ಣ ಮೋಟಾರ್ ವೈಂಡಿಂಗ್ ಅಂಗಡಿ ಹಾಕಿದರು. ಪೇಟೆಯಲ್ಲಿ ಸಿಕ್ಕರೆ ನಗುತ್ತಿದ್ದರು, ಮಳೆ ಬೆಳೆ ಕೇಳುತ್ತಿದ್ದರು. ಸಂಗೀತದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಪೆಡಲ್ ಬಂದ ವರ್ಷದ ಆಷಾಢದಲ್ಲಿ ನಮ್ಮ ಬಾವಿಯ ಪಂಪಿನ ಮೋಟಾರು ಸುಟ್ಟಿತು. ಫೋನ್ ಮಾಡಿದೆ. “ನಾಳೆ ಬೆಳಿಗ್ಗೆ ಬರ್ತೇನೆ” ಅಂದರು. ಅಂದು ಸಂಜೆ ಮನೆಯಲ್ಲಿ ನಾನೊಬ್ಬನೇ. ಹೆಂಚಿನ ಮೇಲೆ ಮಳೆ ಹೊಯ್ಯುತ್ತಿತ್ತು. ಬಾಗಿಲು ಹಾಕಿಕೊಂಡು, ಮಳೆಯ ಸದ್ದು ಮೀರುವಷ್ಟು ಆಂಪ್ಲಿಫೈಯರ್ ಏರಿಸಿ ಬಾರಿಸುತ್ತಿದ್ದೆ. ಹಳೆಯ ಜಾತ್ರೆಗಳಲ್ಲಿ ನಾವು ಬಿಡದೆ ನುಡಿಸುತ್ತಿದ್ದ ಹಾಡು. ಪಲ್ಲವಿ, ಬಿಜಿಎಂ, ಚರಣ ಮೂರನ್ನೂ ಬದಲಿಸುತ್ತ ಕೊನೆಯವರೆಗೂ ಬಾರಿಸಿ ನಿಲ್ಲಿಸಿದೆ. ಜಗಲಿಯಲ್ಲಿ ಯಾರೋ ಕೆಮ್ಮಿದ ಹಾಗಾಯಿತು.

ಬಾಗಿಲು ತೆರೆದರೆ ಬೇಸಣ್ಣ. ರೇನ್‌ಕೋಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಜಗಲಿಯ ನೆಲದಲ್ಲಿ ಆಗಲೇ ಒಂದು ಮಡುವಾಗಿತ್ತು. ಬಂದು ತುಂಬ ಹೊತ್ತಾಗಿದೆ ಎಂದು ಆ ನೀರೇ ಹೇಳಿತು.

“ಈ ಕಡೆಯೇ ಬಂದಿದ್ದೆ, ಮೋಟಾರು ಬಿಚ್ಚಿ ತಗೊಂಡು ಹೋಗೋಣ ಅಂತ...” ಎಂದು ನನ್ನ ಹೆಗಲಾಚೆ ಕೋಣೆಯೊಳಗೆ ನೋಡಿದರು. “ಒಳಗೆ ಯಾರು ಬೇಸ್ ಬಾರಿಸ್ತಾ ಇದ್ದದ್ದು?”

“ಯಾರೂ ಇಲ್ಲ ಬೇಸಣ್ಣ” ಎಂದೆ. ಹಾಗೆ ಹೇಳುವಾಗ ನನ್ನ ಮೈಯೆಲ್ಲ ಬಿಸಿಯಾಯಿತು.

ಅವರು ಒಳಗೆ ಬಂದು ಪೆಡಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ನಾನು ಏನೇನೋ ನಿರೀಕ್ಷಿಸಿದ್ದೆ. ಅವರು ಕೇಳಿದ್ದು, “ಎಷ್ಟು ವೋಲ್ಟು?” “ಒಂಬತ್ತು.” “ಬ್ಯಾಟರಿಯಾ?” “ಅಲ್ಲ, ಅಡಾಪ್ಟರ್.” ಅದನ್ನು ಎತ್ತಿ ತಿರುವಿ ನೋಡಿ ಮೊದಲಿದ್ದಲ್ಲೇ ಇಟ್ಟರು. “ಹೇಗೆ ಮಾಡ್ತದೆ, ಮೊದಲಿಂದ ತೋರಿಸು.”

ಕಲಿತದ್ದನ್ನು ಅಳಿಸಿ ಹೊಸದಾಗಿ ತೋರಿಸಿದೆ. ತುಳಿದೆ, ಸಿ, ಎ ಮೈನರ್, ಎಫ್, ಜಿ ಒಂದು ಸುತ್ತು ಬಾರಿಸಿದೆ, ಮತ್ತೆ ತುಳಿದೆ. ಬೇಸೂ ಡ್ರಮ್ಸೂ ಹೊರಟವು. ಬೇಸಣ್ಣ ತಲೆ ಒಂದು ಕಡೆಗೆ ವಾಲಿಸಿ ಕೇಳಿದರು. ನಾಲ್ಕು ಸುತ್ತಾದ ಮೇಲೆ ಮೆಲ್ಲಗೆ, “ಇದು ಮೊದಲು ಕೇಳ್ತದಲ್ಲ ಮಾರಾಯ” ಅಂದರು.

ನನಗೆ ಆ ಕ್ಷಣ ಏನನ್ನಿಸಿತೋ. ಬಗ್ಗಿ ಬೇಸ್ ಎಂದು ಬರೆದಿದ್ದ ನಾಬ್ ಹಿಡಿದು ಎಡಕ್ಕೆ, ಅದು ಇನ್ನು ತಿರುಗುವುದಿಲ್ಲ ಅನ್ನುವವರೆಗೂ ತಿರುಗಿಸಿದೆ. ಬೇಸ್ ನಿಂತಿತು. ಡ್ರಮ್ಸ್ ಮಾತ್ರ ನಡೆಯುತ್ತಿತ್ತು. ಮೂಲೆಯಲ್ಲಿದ್ದ ನನ್ನ ಮೊದಲ ಗಿಟಾರ್, ಕಲ್ಕತ್ತೆಯ ಗಿವ್ಸನ್, ತಂದು ಅವರ ಮುಂದೆ ಹಿಡಿದೆ.

“ಇದು ಬೇಸ್ ಅಲ್ಲ” ಅಂದರು.

“ಮೇಲಿನ ನಾಲ್ಕು ತಂತಿ ಅದೇ ಅಲ್ವಾ ಬೇಸಣ್ಣ?”

ಅದು ನಿಜ. ಬೇಸ್ ಗಿಟಾರಿನ ನಾಲ್ಕು ತಂತಿಗಳಿಗೂ ಗಿಟಾರಿನ ನಾಲ್ಕು ದಪ್ಪ ತಂತಿಗಳಿಗೂ ಸ್ವರ ಒಂದೇ, ಇ, ಎ, ಡಿ, ಜಿ. ಬೇಸಿನದು ಒಂದು ಸ್ಥಾಯಿ ಕೆಳಗೆ, ಅಷ್ಟೇ. ಅವರು ರೇನ್‌ಕೋಟು ಬಿಚ್ಚಿದರು. ಕೈಯನ್ನು ಪಂಚೆಗೆ ಒರೆಸಿಕೊಂಡರು. ತಾಮ್ರದ ತಂತಿ ಸುತ್ತಿ ಸುತ್ತಿ ಬೆರಳ ತುದಿಗಳು ಒರಟಾಗಿದ್ದವು. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತರು.

ನಾನು ಡ್ರಮ್ಸಿನ ಜೊತೆ ಕಾರ್ಡುಗಳನ್ನು ಹಿಡಿದೆ. ಮೊದಲ ಎರಡು ಸುತ್ತು ಅವರು ಬಾರಿಸಲೇ ಇಲ್ಲ. ಮೂರನೆಯದರಲ್ಲಿ ಸುತ್ತಿನ ಮೊದಲ ಪೆಟ್ಟಿನ ಮೇಲೆ ಒಂದೇ ಒಂದು ಸ್ವರ. ಐದನೆಯ ಸುತ್ತಿಗೆ ಹೆಬ್ಬೆರಳು ಬಿಟ್ಟು ಹಳೆಯ ಅಭ್ಯಾಸದಂತೆ ಎರಡು ಬೆರಳುಗಳು ಒಂದರ ಹಿಂದೊಂದು ನಡೆಯತೊಡಗಿದವು. ಸಿಯಿಂದ ಎ ಮೈನರಿಗೆ ಹೋಗುವಾಗ ಪೆಟ್ಟಿಗೆಯ ಬೇಸ್ ನೇರ ಹಾರುತ್ತಿತ್ತು. ಇವರು ನಡುವೆ ಬಿ ಮುಟ್ಟಿ ಮೆಟ್ಟಿಲು ಇಳಿದ ಹಾಗೆ ಇಳಿದರು. ಜಿಯ ಕೊನೆಯಲ್ಲಿ ಒಂದು ಪೆಟ್ಟು ಪೂರ್ತಿ ಮೌನ ಬಿಟ್ಟರು. ಆ ಮೌನದಿಂದ ಮುಂದಿನ ಸುತ್ತು ಹುಟ್ಟಿದ ಹಾಗೆ ಕೇಳಿಸಿತು.

ಅವರ ಕಣ್ಣು ಪೆಡಲಿನ ಮೇಲಿರಲಿಲ್ಲ. ನನ್ನ ಎಡಗೈಯ ಮೇಲಿತ್ತು. ಎಫ್ ಬಂದಾಗ ನನ್ನ ಬೆರಳು ಎಂದಿನಂತೆ ತಡವಾಯಿತು. ಡ್ರಮ್ಸ್ ಕಾಯಲಿಲ್ಲ, ಅದಕ್ಕೆ ಕಾಯಲು ಬರುವುದಿಲ್ಲ. ಬೇಸಣ್ಣ ಮಾತ್ರ ಹಿಂದಿನ ಎ ಸ್ವರವನ್ನು ಇನ್ನಷ್ಟು ಎಳೆದು, ನನ್ನ ಬೆರಳು ಕೂತ ಕ್ಷಣಕ್ಕೆ ಸರಿಯಾಗಿ ಎಫ್ ಇಟ್ಟರು. ತಡವಾದದ್ದು ತಡವಾಗಿ ಕೇಳಿಸಲೇ ಇಲ್ಲ. ಮತ್ತೆ ಎಫ್ ಬಂತು, ಮತ್ತೆ ಹಾಗೆಯೇ ಮಾಡಿದರು. ವೇದಿಕೆಯ ಮೇಲೆ ನನ್ನ ತಪ್ಪು ನನಗೆ ಯಾಕೆ ಗೊತ್ತಾಗಿರಲಿಲ್ಲ ಎಂದು ಆಗ ತಿಳಿಯಿತು. ಎಂಟು ವರ್ಷ ಬೆಳಕು ಬೀಳದ ಕಡೆ ನಿಂತು ಅವರು ಅದನ್ನು ಮುಚ್ಚಿಕೊಂಡು ಬಂದಿದ್ದರು. ಆಮೇಲಿನ ನಾಲ್ಕು ವರ್ಷ ಸ್ಪೀಕರಿನ ಅಬ್ಬರದಲ್ಲಿ ಅದು ಮುಳುಗಿಹೋಗಿರಬೇಕು.

ನನ್ನಿಂದ ಮುಂದೆ ಬಾರಿಸಲಾಗಲಿಲ್ಲ. ಕಾಲಲ್ಲಿ ತುಳಿದು ನಿಲ್ಲಿಸಿದೆ.

“ಮೈಯೆಲ್ಲ ಒದ್ದೆಯಾಗಿದೆ, ಒಲೆ ಮುಂದೆ ಬನ್ನಿ” ಎಂದು ಬಚ್ಚಲಿಗೆ ಕರೆದುಕೊಂಡು ಹೋದೆ. ಕೊಳ್ಳಿ ಮುಂದೆ ಸರಿಸಿದೆ. ಇಬ್ಬರೂ ಮಣೆ ಹಾಕಿಕೊಂಡು ಕೂತೆವು. ಬೆಂಕಿಯನ್ನೇ ನೋಡುತ್ತ, 1996ರ ಆ ಸಂಜೆಯ ವಿಷಯ ಹೇಳಿದೆ. ನಮ್ಮನ್ನು ಕೇಳಿದ್ದರು, ನಾನು ಚಾಪೆ ನೋಡುತ್ತ ಕೂತೆ, ನಿಮ್ಮ ಸಂಭಾವನೆಯಲ್ಲಿ ನನ್ನ ಪಾಲು ತೆಗೆದುಕೊಂಡೆ. ಒಂದನ್ನೂ ಬಿಡದೆ ಹೇಳಿದೆ.

ಬೇಸಣ್ಣ ಬೂದಿಯಿಂದ ಒಂದು ಹಲಸಿನ ಬೇಳೆ ಕೆದಕಿ ತೆಗೆದು, ಅಂಗೈಯಲ್ಲಿ ಆಡಿಸಿ ಸಿಪ್ಪೆ ಸುಲಿದರು.

“ನಾನು ಬೆಂಗಳೂರಲ್ಲಿ ಕಲಿಯುವಾಗ ದಂಡು ಪ್ರದೇಶದ ಒಬ್ಬ ಮುದುಕರ ಹತ್ತಿರ ಹೋಗ್ತಿದ್ದೆ, ನಿಂಗೆ ಹೇಳಿದ್ದೆ. ಅವರು ಆಳೆತ್ತರದ ಬೇಸ್ ಬಾರಿಸ್ತಿದ್ದವರು, ದೊಡ್ಡ ಪಿಟೀಲಿನ ಥರದ್ದು. ಲಿಯೊ ಫೆಂಡರ್ ಅನ್ನೋ ಅಮೆರಿಕದವನು 1951ರಲ್ಲಿ ಪ್ರಿಸಿಷನ್ ಬೇಸ್ ಅಂತ ಹೆಗಲಿಗೆ ಹಾಕ್ಕೊಳ್ಳೋ ಬೇಸ್ ಗಿಟಾರ್ ತಂದ. ಹಗುರ, ಜೋರು ಸದ್ದು. ಮುದುಕರನ್ನು ಕರೆಯೋದು ಕಡಿಮೆಯಾಯ್ತು. ಅವರ ಕೈತಪ್ಪಿದ ಜಾಗದಲ್ಲೇ ನಾನು ನಿಂತದ್ದು. ಹಾಗಾಗಿ ಪೆಟ್ಟಿಗೆ ಮೇಲೆ ನಂಗೆ ಆವತ್ತೂ ಸಿಟ್ಟಿಲ್ಲ, ಇವತ್ತೂ ಇಲ್ಲ.”

ಬೇಳೆಯನ್ನು ಎರಡು ಮಾಡಿ ಒಂದು ಹೋಳು ನನಗೆ ಕೊಟ್ಟರು.

“ನಂಗೆ ಗೊತ್ತಾದದ್ದು ಹೇಗೆ ಗೊತ್ತಾ? ಚೌತಿಯ ಮಾರನೇ ದಿನ ಪ್ರೋಗ್ರಾಂ ಇತ್ತಲ್ಲ. ನಾಲ್ಕು ಗಂಟೆಗೆ ಇಸ್ತ್ರಿ ಮಾಡಿದ ಶರಟು ಹಾಕ್ಕೊಂಡು, ಬೇಸ್ ಹಿಡ್ಕೊಂಡು ಸರ್ಕಲ್ಲಿನಲ್ಲಿ ನಿಂತೆ. ವ್ಯಾನ್ ದಿನಾ ಅಲ್ಲೇ ಬರೋದಲ್ವಾ? ಆರೂವರೆ ತನಕ ನಿಂತಿದ್ದೆ. ಯಾರಾದರೊಬ್ಬರು ಹಿಂದಿನ ದಿನ ಮನೆಗೆ ಬಂದು, ಬೇಸಣ್ಣ, ನಾಳೆಯಿಂದ ಬೇಡ ಅಂತೆ ಅಂದಿದ್ದರೆ ಸಾಕಿತ್ತು. ಅಷ್ಟೇ ನೋಡು.”

ಆ ದಿನ ವ್ಯಾನು ಸರ್ಕಲ್ಲಿಗೆ ಹೋಗಲಿಲ್ಲ. ಬೈಪಾಸಿನ ಕಡೆಯಿಂದ ಹೋಯಿತು. ನಾನು ಅದರೊಳಗಿದ್ದೆ. ಅದನ್ನೂ ಹೇಳಿದೆ. ಹೆಚ್ಚು ಹೇಳಲು ಗಂಟಲು ಬಿಡಲಿಲ್ಲ. ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿದರು. ಹಂಡೆಯ ನೀರು ಕುದಿಯುವ ಸದ್ದು ಕೇಳುತ್ತ ತುಂಬ ಹೊತ್ತು ಕೂತಿದ್ದೆವು. ಮೋಟಾರು ಬಿಚ್ಚಿದ್ದು ಮಾರನೆಯ ದಿನವೇ.

ಈಗ ಹೊಸದಾಗಿ ಗಿಟಾರ್ ಕಲಿಯುವ ಹುಡುಗರು ಬಂದು ಇಂಥ ಪೆಡಲ್ ಕೊಳ್ಳಬಹುದಾ ಎಂದು ನನ್ನನ್ನು ಕೇಳುತ್ತಾರೆ. ಖಂಡಿತ ಕೊಳ್ಳಿ ಎನ್ನುತ್ತೇನೆ. ಮನೆಯಲ್ಲಿ ಒಬ್ಬರೇ ಕೂತವರಿಗೆ ಅದು ದೊಡ್ಡ ಉಪಕಾರ. ಎರಡೇ ಕಾರ್ಡಿನಿಂದ ಶುರು ಮಾಡಿ. ವೇಗ ಇಳಿಸಿಕೊಂಡು ಕಲಿಸಿ, ಆಮೇಲೆ ದಿನಕ್ಕಿಷ್ಟು ಏರಿಸಿ. ಅದು ಸುತ್ತಿನ ಕೊನೆಯಲ್ಲಿ ಎಡವಿದರೆ ಅದನ್ನು ಬೈಯಬೇಡಿ, ನಿಮ್ಮ ಕಾಲು ಎಲ್ಲಿ ಬಿತ್ತು ನೋಡಿಕೊಳ್ಳಿ. ನಿಮ್ಮ ತಪ್ಪನ್ನು ಮುಚ್ಚದೆ ತೋರಿಸುವುದು ಅದರ ಗುಣ. ಅದನ್ನು ಬಳಸಿಕೊಳ್ಳಿ. ನನ್ನ ಎಫ್ ಸರಿಯಾದದ್ದು ಹಾಗೆಯೇ, ಆ ಮಳೆಗಾಲ ಮುಗಿಯುವಷ್ಟರಲ್ಲಿ. ಆದರೆ ಬೇಸಿಗೂ ಡ್ರಮ್ಸಿಗೂ ಬೇರೆ ಬೇರೆ ನಾಬ್ ಇರುವುದನ್ನು ಮರೆಯಬೇಡಿ. ನುಡಿಸಬಲ್ಲ ಒಬ್ಬರು ಮನೆಗೆ ಬಂದ ದಿನ ಅವರ ಪಾಲಿನ ನಾಬ್ ಸೊನ್ನೆಗೆ ಇಳಿಯಬೇಕು. ಪೆಟ್ಟಿಗೆ ತಾನಾಗಿ ಅದನ್ನು ಮಾಡುವುದಿಲ್ಲ. ಕೈ ನಮ್ಮದೇ ಹೋಗಬೇಕು.

ಬೇಸಣ್ಣ ಆ ವರ್ಷದ ದೀಪಾವಳಿಗೆ ಶಿವಮೊಗ್ಗದಲ್ಲಿ ಒಂದು ಹಳೆಯ ಬೇಸ್ ಗಿಟಾರ್ ಕೊಂಡರು. ತಿಂಗಳಲ್ಲಿ ಎರಡು ಶನಿವಾರ ನಮ್ಮ ಮನೆಯಲ್ಲಿ ಕೂರುತ್ತೇವೆ. ಅಂಗಡಿ ಮುಚ್ಚಿ ಅವರು ನಾಲ್ಕು ಗಂಟೆಗೆ ಬೇಸ್ ಹಿಡಿದು ಅದೇ ಸರ್ಕಲ್ಲಿನಲ್ಲಿ ನಿಂತಿರುತ್ತಾರೆ. ನಾನು ಮೂರೂಮುಕ್ಕಾಲಿಗೇ ಕಾರು ತಂದು ಅಲ್ಲಿ ನಿಲ್ಲಿಸಿಕೊಂಡಿರುತ್ತೇನೆ.